ನೀಲಾ ನಿಂತಿದ್ದ ಜಾಗ

ಕೊಚ್ಚಿಯ ವೈಟ್ಟಿಲ ಜಂಕ್ಷನ್ನಿಗೆ ಇನ್ನೂ ಮೇಲ್ಸೇತುವೆ ಬಂದಿರಲಿಲ್ಲ. ಬಸ್ಸುಗಳು ಡ್ರೈವರಿಗೆ ಮನಸ್ಸು ಬಂದ ಕಡೆ ನಿಲ್ಲುತ್ತಿದ್ದವು. ನಮ್ಮ ಕ್ವಾರ್ಟರ್ಸಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಆ ಕಾಲದ ಮಾತು ಇದು. ಪರ ಊರಿನಲ್ಲಿ ನಾಲ್ಕಾರು ಕನ್ನಡದ ಮನೆಗಳ ನಡುವೆ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಚಿಲಕದ ಮಾತು ಮೊದಲೇ ಯಾಕೆ ಬಂತು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ಬಂದಾಗ ನಾನು ಕೈಗೂಸಂತೆ. ಹಾಗಾಗಿ ನನಗೆ ಬುದ್ಧಿ ಬಂದಾಗಿನಿಂದ ಊರು ಅಂದರೆ ಆ ಕ್ವಾರ್ಟರ್ಸೇ. ಹಾವಸೆ ಹಿಡಿದ ಹಳದಿ ಗೋಡೆಯ, ಎಲ್ಲವೂ ಒಂದೇ ಥರ ಕಾಣುವ ಕಟ್ಟಡಗಳು. ನಮ್ಮ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು, ಅದನ್ನು ದಾಟಿದರೆ ನಮ್ಮ ಅಮ್ಮನ ಹುಳಿಪುಡಿಯ ಘಮ. ಅದರ ಮೇಲಿನ ಮಹಡಿಯಲ್ಲಿ ಕಾಸರಗೋಡಿನ ಶ್ಯಾಮ ಮಾವನ ಮನೆ. ಅವರು ನಮ್ಮ ಪುಟ್ಟ ಕನ್ನಡ ಸಂಘದ ಕಾರ್ಯದರ್ಶಿ. ಮಲಯಾಳ ನೀರು ಕುಡಿದಷ್ಟು ಸಲೀಸು ಅವರಿಗೆ, ಹಾಗಾಗಿ ಗ್ಯಾಸಿನವನ ಜೊತೆ ಜಗಳವಾಗಲಿ, ಶಾಲೆಯಲ್ಲಿ ಸೀಟು ಕೇಳುವುದಾಗಲಿ, ಎಲ್ಲರ ಪರವಾಗಿ ಮಾತಾಡುವವರು ಅವರೇ.

ಆ ಸಂಘದಲ್ಲಿ ಮಕ್ಕಳು ಯಾರ ಸ್ವತ್ತೂ ಅಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುವವರು ಒಬ್ಬರು, ಜಡೆ ಹಾಕುವವರು ಇನ್ನೊಬ್ಬರು. ಹೊಡೆತವೂ ಅಷ್ಟೆ, ಯಾರ ಕೈಗೆ ಸಿಕ್ಕಿದರೆ ಅವರ ಕೈಯಿಂದ. ಮಧ್ಯಾಹ್ನ ಯಾವ ಮನೆಯಲ್ಲಿ ಆಡುತ್ತಿರುತ್ತೇವೋ ಆ ಮನೆಯಲ್ಲೇ ತಟ್ಟೆ. ಸಂಜೆ ಮನೆಗೆ ಬಂದರೆ ಅಮ್ಮ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿರಲಿಲ್ಲ, ಹೊಟ್ಟೆ ತುಂಬಿತಾ ಎಂದಷ್ಟೇ ಕೇಳುತ್ತಿದ್ದಳು. ಇನ್ನೂ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಸಂಘದವರೆಲ್ಲ ಸೇರಿ ಒಂದೇ ಥಾನಿನ ಬಟ್ಟೆ ತರುತ್ತಿದ್ದರು. ಅದರಲ್ಲಿ ಹೆಣ್ಣುಮಕ್ಕಳಿಗೆಲ್ಲ ಒಂದೇ ಥರದ ಫ್ರಾಕು. ನಾವು ಸಾಲಾಗಿ ನಡೆದುಹೋಗುವಾಗ ಯಾವುದೋ ಅನಾಥಾಲಯದ ಮಕ್ಕಳಂತೆ ಕಾಣುತ್ತೇವೆ ಎಂದು ಅಪ್ಪ ನಗುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲದ ಶುರುವಿನಲ್ಲಿ, ನಮ್ಮ ಎದುರು ಮನೆಗೆ ಹುಬ್ಬಳ್ಳಿ ಕಡೆಯ ಪಾಟೀಲರು ಬಂದರು. ಗಂಡ, ಹೆಂಡತಿ, ನನಗಿಂತ ಒಂದು ವರ್ಷ ಚಿಕ್ಕವಳಾದ ಮಗಳು ನೀಲಾ. ನಾನು ಆ ಹೆಂಗಸನ್ನು ಆಂಟಿ ಎಂದೆ. ಅವರು ಪೆಟ್ಟಿಗೆ ಬಿಚ್ಚುತ್ತಿದ್ದವರು ತಲೆ ಎತ್ತಿ, “ಆಂಟಿ ಗೀಂಟಿ ಬ್ಯಾಡವಾ, ಕಾಕು ಅನ್ನು” ಎಂದರು. ಕಸ್ತೂರಿ ಕಾಕು ಎಂದು ಕರೆಯಲು ಶುರು ಮಾಡಿದ್ದು ಹಾಗೆ. ಪೆಟ್ಟಿಗೆಯಿಂದ ಮೊದಲು ಹೊರಬಂದದ್ದು ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ. ಒಂದು ರೊಟ್ಟಿ ಮುರಿದು ನನಗೂ ಕೊಟ್ಟರು. ಅದರ ಸದ್ದು ನನ್ನ ಕಿವಿಯೊಳಗೇ ಕೇಳಿಸಿತ್ತು.

ನಾನು ಆಗ ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದೆ, ಉತ್ತರ ಮಾತ್ರ ಮಲಯಾಳದಲ್ಲಿ ಕೊಡುತ್ತಿದ್ದೆ. ಅಲ್ಲಿ ಬೆಳೆದ ಮಕ್ಕಳೆಲ್ಲ ಹಾಗೇ. ನೀಲಾಳಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಅವಳ ಜೊತೆ ಆಡಬೇಕೆಂದರೆ ನಾನು ಬಾಯಿ ತಿರುಗಿಸಲೇಬೇಕಾಯಿತು. “ಏ ವಾಣಿ, ನೀ ಮಾತಾಡಿದ್ರ ನನಗ ನಗಿ ಬರ್ತೈತಿ” ಎನ್ನುತ್ತಿದ್ದಳು, ನಗುತ್ತಲೂ ಇದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಮಾರನೆಯ ಬೆಳಿಗ್ಗೆ ಅವಳ ಮನೆ ಬಾಗಿಲಲ್ಲಿ ನಾನೇ. ಕುಂಟೆಬಿಲ್ಲೆ ಆಡುತ್ತ, ಅಂಗಡಿಯ ಕಲ್ಲುಸಕ್ಕರೆ ಚೀಪುತ್ತ, ಆ ಕೆಲವು ತಿಂಗಳು ನಾನು ಆಡಿದಷ್ಟು ಕನ್ನಡವನ್ನು ಹುಟ್ಟಿದಾಗಿನಿಂದ ಆಡಿರಲಿಲ್ಲ.

ಕಾಕು ಅವಳಿಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಕಾಕುವೇ ಚಿಕ್ಕವರಿದ್ದಾಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ತಪ್ಪಿಸಿಕೊಂಡು, ತಾಯಿಯನ್ನು ಹುಡುಕುತ್ತ ಅಲೆದು, ತಾಯಿ ಇವರನ್ನು ಹುಡುಕುತ್ತ ಅಲೆದು, ಇಬ್ಬರೂ ಒಬ್ಬರಿಗೊಬ್ಬರು ಸಿಗದೆ ಸಾಕಾಗಿ ಹೋಗಿತ್ತಂತೆ. ಅದಕ್ಕೇ ಮಗಳಿಗೆ ದಿನಾ ಉರು ಹೊಡೆಸುತ್ತಿದ್ದರು. “ಎಲ್ಲೇರ ತಪ್ಪಿಸ್ಕೊಂಡ್ರ ಅತ್ತಾಗ ಇತ್ತಾಗ ಅಡ್ಡಾಡಬ್ಯಾಡ. ನಿಂತ ಜಾಗಾ ಬಿಡಬ್ಯಾಡ. ನಾ ಬರ್ತೀನಿ.”

ನೀಲಾ ಆ ಮಾತನ್ನು ದೇವರ ಮಾತಿನಂತೆ ನಂಬಿದ್ದಳು. ಒಂದು ಮಧ್ಯಾಹ್ನ ಕ್ವಾರ್ಟರ್ಸಿನ ಹಿಂಬದಿಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಕೊಚ್ಚಿಯ ಮಳೆ ಹೇಳಿ ಕೇಳಿ ಬರುವುದಿಲ್ಲ. ಧೋ ಎಂದು ಸುರಿಯಿತು, ಎಲ್ಲರೂ ತಲೆ ಮೇಲೆ ಕೈ ಇಟ್ಟುಕೊಂಡು ಮನೆಗೆ ಓಡಿದೆವು. ಹೊಸಬಳಾದ ನೀಲಾಳಿಗೆ ಒಂದೇ ಥರದ ಕಟ್ಟಡಗಳಲ್ಲಿ ತನ್ನದು ಯಾವುದೆಂದು ತಿಳಿಯಲಿಲ್ಲ. ಹಲಸಿನ ಮರದ ಕೆಳಗೆ ನಿಂತುಬಿಟ್ಟಳು. ಕಾಕು ಕೊಡೆ ಹಿಡಿದು ಹುಡುಕಿಕೊಂಡು ಹೋದಾಗ ತೊಪ್ಪೆಯಾಗಿದ್ದಳಂತೆ, ಅಳುತ್ತಿರಲಿಲ್ಲವಂತೆ. ನಮ್ಮ ಮನೆಯ ಪಡಸಾಲೆಯಲ್ಲೇ ಕೂರಿಸಿ ಸೆರಗಿನಿಂದ ಅವಳ ತಲೆ ಒರೆಸಿದರು. “ಇಲ್ಲೇ ಎರಡು ಹೆಜ್ಜೆ ಬಂದ್ರೆ ಮನೆ ಅಲ್ವೇನೆ, ಯಾರನ್ನಾದ್ರೂ ಕೇಳಬಾರದಾ” ಎಂದು ಅಮ್ಮ ಕೇಳಿದಳು. ನೀಲಾ ಬಿಸಿ ಹಾಲಿನ ಲೋಟ ಹಿಡಿದು, “ಅವ್ವ ಬರ್ತೀನಿ ಅಂದಿದ್ಲಲ್ರಿ” ಎಂದಳು. ಅಮ್ಮ ಅದನ್ನು ಎಷ್ಟೋ ದಿನ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಡಿಸೆಂಬರಿನಲ್ಲಿ, ಮನೆಮನೆಯ ಮುಂದೆ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ ತೂಗುವ ಹೊತ್ತಿಗೆ, ಸಂಘದವರು ಫೋರ್ಟ್ ಕೊಚ್ಚಿಗೆ ಹೊರಟೆವು. ಎರ್ನಾಕುಲಂ ಜೆಟ್ಟಿಯಿಂದ ಬೋಟು. ಸ್ಟೀಲಿನ ಬಕೆಟ್ಟಿನಲ್ಲಿ ಚಿತ್ರಾನ್ನ, ಹಳೆಯ ಧೋತ್ರದಲ್ಲಿ ಸುತ್ತಿದ ರೊಟ್ಟಿ, ಹೆಣ್ಣುಮಕ್ಕಳಿಗೆಲ್ಲ ಆ ವರ್ಷದ ನೀಲಿ ಹೂವಿನ ಫ್ರಾಕು. ಪಾಟೀಲ ಕಾಕಾ ಟೂರಿನ ಮೇಲೆ ಹೋಗಿದ್ದರು, ಅವರೊಬ್ಬರು ಇರಲಿಲ್ಲ. ಚೀನೀ ಬಲೆಗಳು ನೀರಿನಿಂದ ಏಳುವುದನ್ನು ನೀಲಾ ಬಾಯಿ ತೆರೆದು ನೋಡಿದಳು. ಸಮುದ್ರ ಕಂಡಿದ್ದು ಅವಳಿಗೆ ಅದೇ ಮೊದಲು. “ಇದರ ಆಚಿ ದಂಡಿ ಎಲ್ಲೈತಿ?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಹುಬ್ಬಳ್ಳಿ ಇರಬೇಕು ಎಂದೆ. ನಂಬಿದಳು.

ಸಂಜೆ ಹಿಂದಿರುಗುವಾಗ ಫೋರ್ಟ್ ಕೊಚ್ಚಿಯ ಜೆಟ್ಟಿಯಲ್ಲಿ ಜನವೋ ಜನ. ಒಂದೇ ಬೋಟಿನಲ್ಲಿ ಎಲ್ಲರೂ ಹಿಡಿಸಲಿಲ್ಲ, ಅರ್ಧ ಜನ ಮೊದಲು, ಉಳಿದವರು ಆಮೇಲೆ ಎಂದಾಯಿತು. ನನಗೆ ಕಣ್ಣು ಎಳೆಯುತ್ತಿತ್ತು. ನಾನು ಕೈ ಹಿಡಿದದ್ದು ಕಾಕುವಿನದು, ಹತ್ತಿದ್ದು ಮೊದಲ ಬೋಟು. ಕಾಕುವಿನ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೋದೆ. ನೀಲಾ ನನ್ನ ಅಮ್ಮನ ಜೊತೆ ಇದ್ದಾಳೆ ಎಂದು ಕಾಕು ತಿಳಿದಿದ್ದರು, ಯಾಕೆಂದರೆ ಆಗಷ್ಟೇ ಅಮ್ಮ ಅವಳ ಜಡೆಯ ರಿಬ್ಬನ್ನು ಕಟ್ಟುತ್ತಿದ್ದಳು. ರಿಬ್ಬನ್ನು ಕಟ್ಟಿ ಮುಗಿಸಿ, ಬಕೆಟ್ಟು ಎತ್ತಿಕೊಳ್ಳಲು ಬಗ್ಗಿದ ಅಮ್ಮ ತಲೆ ಎತ್ತಿದಾಗ ಕಂಡದ್ದು ಜನರ ಸಂದಿಯಲ್ಲಿ ಕಾಕು, ಅವರ ಕೈ ಹಿಡಿದು ಹೋಗುತ್ತಿದ್ದ ನೀಲಿ ಹೂವಿನ ಫ್ರಾಕಿನ ಬೆನ್ನು. ನೀಲಾ ತಾಯಿಯ ಹತ್ತಿರ ಓಡಿದಳು, ನಾನು ಯಾರದೋ ಜೊತೆ ಆಗಲೇ ಬೋಟು ಹತ್ತಿರಬೇಕು ಎಂದುಕೊಂಡಳು. ಆ ಬೆನ್ನು ನನ್ನದು.

ಎರಡನೇ ಬೋಟಿನವರನ್ನು ಕಾಯದೆ ನಾವು ಬಸ್ಸು ಹಿಡಿದು ಬಂದಿದ್ದೆವು. ಅವರೂ ಬಂದರು. ಉಳಿದ ಚಿತ್ರಾನ್ನ ಹಂಚಿಕೊಳ್ಳಲು ಎಲ್ಲರೂ ಶ್ಯಾಮ ಮಾವನ ಮನೆಯಲ್ಲಿ ಕೂತರು. ಕಾಕು ನೀಲಾಳಿಗೆಂದು ಒಂದು ತಟ್ಟೆ ಹಾಕಿ, “ಎಲ್ಲೆ ಅದಾಳ, ಕರೀರಿ” ಎಂದರು. ಅಮ್ಮ ನನ್ನನ್ನು ನೋಡಿದಳು, ಆಮೇಲೆ ಕಾಕುವನ್ನು ನೋಡಿದಳು. ಅವಳ ಕೈಯಲ್ಲಿದ್ದ ಸೌಟು ಬಿದ್ದದ್ದು ನನಗೆ ನೆನಪಿದೆ. ಅದಾದ ಮೇಲಿನದು ಮೆಟ್ಟಿಲ ಮೇಲೆ ಕಾಲುಗಳ ಸದ್ದು ಮಾತ್ರ.

ಜೆಟ್ಟಿಯಲ್ಲಿ ತಿಂಡಿ ಅಂಗಡಿ ಇಟ್ಟಿದ್ದ ಮೇರಿ ಚೇಚಿ, ನಮ್ಮಲ್ಲಿ ಅಕ್ಕ ಅಂದ ಹಾಗೆ, ಅವಳನ್ನು ಕಂಡಿದ್ದರು. ಅವರು ಹೇಳಿದ್ದು ಇದು: ಹುಡುಗಿ ಅಲ್ಲಿಯೇ ನಿಂತಿದ್ದಳು, ಬಹಳ ಹೊತ್ತು ನಿಂತಿದ್ದಳು, ಅಮ್ಮ ಎಲ್ಲಿ ಎಂದು ಕೇಳಿದರೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿದಳು, ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಕೊಟ್ಟೆ, ಎರಡು ಕೈಯಲ್ಲಿ ಹಿಡಿದು ತಿಂದಳು, ಒಳಗೆ ಬಂದು ಕೂರು ಎಂದು ಕೈ ಹಿಡಿದು ಎಳೆದರೂ ಬರಲಿಲ್ಲ. ಇನ್ನೊಂದು ಬೋಟಿನ ಜನ ಬಂತು, ವ್ಯಾಪಾರ ಮುಗಿಸಿ ನೋಡಿದರೆ ಇಲ್ಲ. ಇಷ್ಟೇ ಅವರಿಗೆ ಗೊತ್ತಿದ್ದುದು. ನೀರಿನಲ್ಲಿ ಹುಡುಕಿದರು, ದೋಣಿಯವರು ಬಲೆ ಹಾಕಿದರು, ಪೊಲೀಸರು ರೈಲು ಬಸ್ಸು ಎಲ್ಲ ಕಡೆ ಫೋಟೋ ಕಳಿಸಿದರು. ನೀಲಾ ಸಿಗಲಿಲ್ಲ. ನೀರಿಗೆ ಬಿದ್ದಳೋ, ಯಾರಾದರೂ ಕರೆದುಕೊಂಡು ಹೋದರೋ, ಇವತ್ತಿಗೂ ಯಾರಿಗೂ ತಿಳಿದಿಲ್ಲ.

ಆಮೇಲೆ ಕ್ವಾರ್ಟರ್ಸಿನ ಬಾಗಿಲುಗಳಿಗೆ ಚಿಲಕ ಬಿತ್ತು. ಹೊರಗಿನ ಕಳ್ಳರಿಗೆ ಹೆದರಿ ಅಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುವವಳು ಅಮ್ಮ ಒಬ್ಬಳೇ ಆದಳು. ಊಟ ನಮ್ಮ ಮನೆಯಲ್ಲೇ, ಆಟ ನಮ್ಮ ಬಾಲ್ಕನಿಯಲ್ಲೇ. ರಸ್ತೆಯಲ್ಲಿ ನಡೆಯುವಾಗ ಅಮ್ಮ ನನ್ನ ಮಣಿಕಟ್ಟು ಹಿಡಿಯುತ್ತಿದ್ದ ಬಿಗಿಗೆ ಬಳೆ ಒತ್ತಿ ಗುರುತು ಬೀಳುತ್ತಿತ್ತು. ಬೇರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಹಾಗೆ ಬೈಸಿಕೊಳ್ಳದೆ ಇರುವುದು ಎಷ್ಟು ದೊಡ್ಡ ಒಂಟಿತನ ಎಂದು ಹೇಳಿದರೆ ಈಗಿನ ಮಕ್ಕಳು ನಗಬಹುದು. ನನಗೆ ಕನ್ನಡದಲ್ಲಿ ಮಾತಾಡಲು ಯಾರೂ ಇರಲಿಲ್ಲ. ಅಮ್ಮ ಕೇಳಿದ್ದಕ್ಕೆ ಮತ್ತೆ ಮಲಯಾಳದಲ್ಲೇ ಉತ್ತರ ಕೊಡತೊಡಗಿದೆ, ಅವಳೂ ತಿದ್ದಲಿಲ್ಲ.

ಮುಂದಿನ ಮಳೆಗಾಲ ಮುಗಿಯುತ್ತಿದ್ದಂತೆ ಶ್ಯಾಮ ಮಾವ ಸಂಘದ ಸಭೆಯಲ್ಲಿ ಮಾತು ತೆಗೆದರು. “ನಮ್ಮ ಮಗು ಅದು. ಎಂತಾದ್ರೂ ಒಂದು ನೆನಪು ಮಾಡುವ ಅಲ್ವಾ. ಒಂದು ಜಾಗ ಅಂತ ಬೇಕಲ್ಲ ಮಾರಾಯ್ರೆ” ಎಂದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಆ ಮನುಷ್ಯ ನೀಲಾಳನ್ನು ಹುಡುಕುತ್ತ ಅಲೆದು ಚಪ್ಪಲಿ ಸವೆಸಿದ್ದರು. ಒಬ್ಬರು ಕ್ವಾರ್ಟರ್ಸಿನ ತೋಟದಲ್ಲಿ ಅವಳ ಹೆಸರಿನ ಉಯ್ಯಾಲೆ ಎಂದರು. ಇನ್ನೊಬ್ಬರು ಸಂಘದ ಕೋಣೆಯಲ್ಲಿ ಮಕ್ಕಳ ಪುಸ್ತಕದ ಕಪಾಟು ಎಂದರು. ಶಾಲೆಯ ಅಂಗಳದಲ್ಲಿ ಒಂದು ಮಾವಿನ ಗಿಡ ಎಂದು ಅಪ್ಪ ಹೇಳಿದರು. ಎಲ್ಲವೂ ಒಳ್ಳೆಯ ಜಾಗಗಳೇ, ನೆರಳಿನ ಜಾಗಗಳು, ತಣ್ಣಗಿನ ಜಾಗಗಳು. ಫೋರ್ಟ್ ಕೊಚ್ಚಿ ಎಂಬ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಹುಡುಕಾಟ ನಿಂತ ಮೇಲೆ ನಮ್ಮಲ್ಲಿ ಯಾರೂ ಆ ಬೋಟು ಹತ್ತಿರಲಿಲ್ಲ. ಕಾಕು ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು. ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ.

ಮೌನವನ್ನು ಒಪ್ಪಿಗೆ ಎಂದು ತಿಳಿದದ್ದು ನಮ್ಮವರ ಎರಡನೇ ತಪ್ಪು. ರಾಜ್ಯೋತ್ಸವದ ದಿನ ಸಂಘದ ಕೋಣೆಯಲ್ಲಿ ಭುವನೇಶ್ವರಿಯ ಪಟದ ಪಕ್ಕ ನೀಲಾಳ ಫೋಟೋ ಇಟ್ಟಿದ್ದರು. ಕಾಕುವಿಗೆ ಸಮಾಧಾನವಾಗಲಿ ಎಂದೇ ಮಾಡಿದ್ದು, ಮೊದಲೇ ಹೇಳಿರಲಿಲ್ಲ. ಚೆನ್ನಾಗಿ ಕಾಣಲಿ ಎಂದು ಯಾರೋ ಅದಕ್ಕೆ ಗಂಧದ ಹಾರ ಹಾಕಿ, ಮುಂದೆ ದೀಪ ಹಚ್ಚಿದ್ದರು. ಮಕ್ಕಳು ನಾಡಗೀತೆಗೆ ಸಾಲಾಗಿ ನಿಂತಿದ್ದೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ಕಾಕು ನೇರ ಫೋಟೋ ಹತ್ತಿರ ಹೋದರು. ಹಾರ ತೆಗೆದು, ಮಡಿಚಿ, ಮೇಜಿನ ಮೇಲಿಟ್ಟರು. ದೀಪವನ್ನು ಭುವನೇಶ್ವರಿಯ ಮುಂದಕ್ಕೆ ಸರಿಸಿದರು. ಹಾರ ಬಿದ್ದ ಫೋಟೋ ಯಾರದ್ದು ಎಂದು ಕನ್ನಡದ ಯಾವ ಕೂಸಿಗೂ ಗೊತ್ತು. ಅಷ್ಟು ಜನ ದೊಡ್ಡವರಿಗೆ ಹೇಗೆ ಹೊಳೆಯಲಿಲ್ಲವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಶ್ಯಾಮ ಮಾವ ತಲೆ ತಗ್ಗಿಸಿ, “ತಪ್ಪಾಯ್ತು. ಎಲ್ಲಿ ಮಾಡುವ ಅಂತ ನೀವೇ ಹೇಳಿ” ಎಂದರು.

“ಜೆಟ್ಟಿಯೊಳಗ” ಎಂದರು ಕಾಕು. “ಆಕಿ ನಿಂತಿದ್ದ ಜಾಗಾದಾಗ.”

ಅಲ್ಲಿ ಜನ ಹೆಚ್ಚು, ಗಲೀಜು, ಯಾರು ನೋಡಿಕೊಳ್ಳುತ್ತಾರೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಕಾಕು ಆ ಕಡೆ ತಿರುಗಿದರು. ಧ್ವನಿ ಏರಿಸಲಿಲ್ಲ. “ನಿಮಗ ಮರೀಲಿಕ್ಕೆ ಒಂದ್ ಜಾಗಾ ಬೇಕಾಗೈತಿ. ಅದು ಎಲ್ಲಿದ್ರೂ ನಡೀತೈತಿ. ನನಗ ಕಾಯಾಕ ಬೇಕು. ನಿಂತ ಜಾಗಾ ಬಿಡಬ್ಯಾಡ ಅಂತ ಹೇಳಿದಾಕಿ ನಾನು. ಆಕಿ ನನ್ನ ಮಾತು ಕೇಳಿದ್ಲು. ನಾನ ಹೋಗಲಿಲ್ಲ.”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ಅಲ್ಲಿ ಬೇಡ ಕಸ್ತೂರಿ. ನನ್ನ ಕೈಲಿ ಆಗಲ್ಲ ಕಣೆ” ಎಂದಳು.

“ನಿನ್ನ ಕೈಲೆ ಆಗೂದಿಲ್ಲ ಅಂತ ಗೊತ್ತೈತಿ. ಅದಕ್ಕ ನೀನ ಬರಬೇಕು.”

ಮರುವಾರ ಹೋದವರು ನಾಲ್ಕೇ ಜನ. ಕಾಕು, ಅಮ್ಮ, ಮಾತಾಡಲು ಶ್ಯಾಮ ಮಾವ, ಮನೆಯಲ್ಲಿ ಬಿಡಲು ಅಮ್ಮನಿಗೆ ಧೈರ್ಯವಿಲ್ಲದ್ದಕ್ಕೆ ನಾನು. ಬೋಟಿನಲ್ಲಿ ಡೀಸೆಲ್ಲಿನ ವಾಸನೆ, ಒದ್ದೆ ಹಗ್ಗದ ವಾಸನೆ, ನೀರಿನ ಮೇಲೆ ತೇಲುವ ಅಂತರಗಂಗೆ. ಅಮ್ಮ ನನ್ನ ಕೈ ಬಿಡಲಿಲ್ಲ. ಅವಳ ಅಂಗೈ ತಣ್ಣಗಿತ್ತು.

ಮೇರಿ ಚೇಚಿ ಕಾಕುವನ್ನು ಕಂಡೊಡನೆ ಒಲೆಯ ಉರಿ ತಗ್ಗಿಸಿ ಹೊರಗೆ ಬಂದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಕಾಕು ನೆಲದ ಕಡೆ ಕೈ ತೋರಿಸಿದರು, ಚೇಚಿ ಅರ್ಥ ಮಾಡಿಕೊಂಡರು. ಅಂಗಡಿಯಿಂದ ನಾಲ್ಕು ಮಾರು ಆಚೆ, ಬೋಟಿನಿಂದ ಇಳಿದವರೆಲ್ಲ ಹಾದುಹೋಗುವ ದಾರಿಯ ಪಕ್ಕ, ಒಂದು ಕಂಬ. ಅದರ ಬುಡವನ್ನು ತೋರಿಸಿದರು. ಕಾಕು ಅಲ್ಲಿ ಹೋಗಿ ನಿಂತರು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಅಷ್ಟೆತ್ತರದಿಂದ ಸುತ್ತ ನೋಡಿದರು. ಸಮಾಧಾನವಾಗಲಿಲ್ಲವೇನೋ, ನನ್ನನ್ನು ಕರೆದರು. “ವಾಣಿ, ಬಾ ಇಲ್ಲೆ. ನಿಂದ್ರು ಒಂದೀಟು.”

ನಾನು ಅಮ್ಮನ ಕೈಯಿಂದ ಕೈ ಬಿಡಿಸಿಕೊಂಡು ಹೋಗಿ ಕಂಬದ ಹತ್ತಿರ ನಿಂತೆ. “ಏನ್ ಕಾಣತೈತಿ?” ಎಂದು ಕೇಳಿದರು. ಒಂದು ಬೋಟು ಆಗಷ್ಟೇ ಬಂದಿತ್ತು. ನನಗೆ ಕಂಡದ್ದು ಜನರ ಸೊಂಟ, ಚೀಲಗಳು, ಒದ್ದೆ ಪಂಚೆಗಳು, ಅವುಗಳ ನಡುವೆ ಒಂದು ತುಣುಕು ನೀರು. ಹಾಗೇ ಹೇಳಿದೆ. ಕಾಕು ತಲೆ ಆಡಿಸಿದರು. “ಇಲ್ಲೇ ಇರು” ಎಂದು ಹೇಳಿ ಜನರ ಎದುರಾಗಿ ನಡೆಯುತ್ತ ಬೋಟಿನ ತನಕ ಹೋದರು. ಸೀರೆಯ ಬಣ್ಣ ಕೂಡ ಕಾಣದಂತೆ ಮರೆಯಾದರು. ನನಗೆ ಭಯವಾಯಿತು. ಅಮ್ಮ ಹಿಂದೆಯೇ ಇದ್ದಾಳೆ ಎಂದು ಗೊತ್ತಿದ್ದರೂ ಭಯವಾಯಿತು. ನೀಲಾ ಎಷ್ಟು ಹೊತ್ತು ಹೀಗೆ ನಿಂತಿದ್ದಳು ಎಂಬುದು ಆಗ ಮೊದಲ ಬಾರಿಗೆ ನನಗೆ ಅರಿವಾಯಿತು.

ಆಮೇಲೆ ಕಾಕು ಬಂದರು. ಬೋಟಿನ ಕಡೆಯಿಂದ, ಜನರನ್ನು ಮೊಣಕೈಯಿಂದ ಸರಿಸುತ್ತ, ನನ್ನ ಮುಖವನ್ನೇ ನೋಡುತ್ತ, ಬೇಗ ಬೇಗ ನಡೆದು ಬಂದರು. ಬಂದು ನನ್ನ ಕೈ ಹಿಡಿದರು. “ಬಂದೆ ನೋಡು” ಎಂದರು. ಉಸಿರು ಏರಿತ್ತು. “ನಾ ಅಂದಿದ್ನಿಲ್ಲ, ಬರ್ತೀನಿ ಅಂತ.”

ಅವರ ಹಿಡಿತ ಬಿಗಿಯಾಗಿತ್ತು, ಬಿಸಿಯಾಗಿತ್ತು, ಬಿಡುವ ಲಕ್ಷಣ ಕಾಣಲಿಲ್ಲ. ನನಗೂ ಬಿಡಿಸಿಕೊಳ್ಳುವ ಮನಸ್ಸಿರಲಿಲ್ಲ. ಒಂದು ವರ್ಷದಲ್ಲಿ ಅಮ್ಮನಲ್ಲದ ಇನ್ನೊಬ್ಬರು ನನ್ನ ಕೈ ಹಿಡಿದದ್ದು ಅದೇ ಮೊದಲು. ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಬಂತು. “ವಾಣಿ, ಬಾರೇ ಇಲ್ಲಿ.” ಎರಡನೇ ಸಲ ಕರೆದಾಗ ಆ ದನಿ ಒಡೆದಿತ್ತು. ಕಾಕು ನನ್ನ ಕೈ ನೋಡಿದರು, ತಾವು ಹಿಡಿದಿದ್ದೇವೆಂದು ಆಗ ತಿಳಿದವರಂತೆ, ಒಂದೊಂದೇ ಬೆರಳು ಸಡಿಲಿಸಿ, “ಹೋಗವಾ, ನಿಮ್ಮವ್ವ ಕರೀತಾಳ” ಎಂದರು.

ಜೆಟ್ಟಿಯ ಕಚೇರಿಯವರು ಕಲ್ಲು ನೆಡಲು ಒಪ್ಪಲಿಲ್ಲ. ಅವರದ್ದೂ ತಪ್ಪಲ್ಲ, ಅದು ಜನ ಓಡಾಡುವ ದಾರಿ. ಕಲ್ಲು ಬ್ಯಾಡ ಎಂದು ಕಾಕುವೇ ಹೇಳಿದರು. “ಒಂದ್ ಬಾಂಕ ಹಾಕ್ರಿ ಸಾಕು. ನಿಂತು ನಿಂತು ಆಕಿ ಕಾಲು ನೋತಿರ್ತಾವು.” ಬಾಂಕ ಅಂದರೆ ಅವರ ಕಡೆಯ ಮಾತಿನಲ್ಲಿ ಬೆಂಚು. ಶ್ಯಾಮ ಮಾವ ಅದನ್ನು ಮಲಯಾಳದಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿ ನೀರಿನ ಕಡೆ ತಿರುಗಿಕೊಂಡರು. ಬೆಂಚು ನನ್ನ ಅಂಗಡಿಯದೇ ಎಂದು ಹೇಳಿಕೊಳ್ಳುತ್ತೇನೆ, ಕಂಬದ ಪಕ್ಕ ಹಾಕಿ ಎಂದರು ಮೇರಿ ಚೇಚಿ. ಕೆಲಸ ಹಾಗೆ ಆಯಿತು.

ಹಲಸಿನ ಮರದ ಬೆಂಚು. ಅದನ್ನು ಹಾಕಿದ ಭಾನುವಾರ ಸಂಘದ ಎಲ್ಲ ಮನೆಯವರೂ ಬಂದರು, ಬರುವುದಿಲ್ಲ ಎಂದವರೂ ಬಂದರು. ಅಮ್ಮ ಚಿತ್ರಾನ್ನ ಕಲಸಿದ್ದಳು. ಹಿತ್ತಾಳೆಯ ಒಂದು ಪಟ್ಟಿಯಲ್ಲಿ ಹೆಸರು ಬರೆಸುವ ಎಂದು ಶ್ಯಾಮ ಮಾವ ಕೇಳಿದರು. ಕಾಕು ಬೇಡ ಎಂದರು. “ಹೆಸರು ಬರದ್ರ ಮಂದಿ ಕೂಡೂದಿಲ್ರಿ, ಓದಿ ಸರದು ಹೋಗ್ತಾರ. ಯಾರೇರ ಕುಂತಿರಲಿ. ಬಾಜೂಕ ಮಂದಿ ಇದ್ರ ಆಕಿಗೆ ಧೈರ್ಯ.” ಆ ಸಂಜೆ ಮೊದಲು ಅದರ ಮೇಲೆ ಕೂತವಳು ಮೀನಿನ ಬುಟ್ಟಿ ಇಳಿಸಿದ ಒಬ್ಬ ಮುದುಕಿ. ಕಾಲು ನೀವಿಕೊಂಡಳು. ಕಾಕು ಅವಳನ್ನು ನೋಡುತ್ತ ನಿಂತಿದ್ದರು. ಆ ಒಂದು ದಿನ ಮಾತ್ರ ನಾವೆಲ್ಲ ಮತ್ತೆ ಒಂದೇ ಮನೆಯವರಂತೆ ಇದ್ದೆವು. ಶ್ಯಾಮ ಮಾವನ ಹೆಂಡತಿ ನನ್ನ ಬಾಯಿ ಒರೆಸಿದರು, ಪಳಂಪೊರಿಯ ಎಣ್ಣೆ ಫ್ರಾಕಿಗೆ ಬೀಳಿಸಿಕೊಂಡದ್ದಕ್ಕೆ ಬೈದರು.

ಆಮೇಲೆ ವರ್ಗಾವಣೆಗಳು ಬಂದವು. ನಮ್ಮಂಥವರ ಬಾಳು ಅದೇ, ಎಲ್ಲಿ ನೆನಪು ನೆಟ್ಟೆವೋ ಅಲ್ಲಿ ನೀರು ಹಾಕಲು ಇರುವುದಿಲ್ಲ. ಒಂದು ಮನೆ ಪುಣೆಗೆ, ಒಂದು ಮನೆ ಬೆಂಗಳೂರಿಗೆ. ಶ್ಯಾಮ ಮಾವ ಕಾಸರಗೋಡಿಗೆ ಮರಳಿದರು. ಪಾಟೀಲ ಕಾಕಾ ಹುಬ್ಬಳ್ಳಿಗೆ ಕೇಳಿಕೊಂಡರೆ ಸಿಗುತ್ತಿತ್ತು, ಕಾಕು ಬಿಡಲಿಲ್ಲ. ಕಡೆಗೆ ತಿರುವನಂತಪುರಕ್ಕೆ ಹಾಕಿದರು. ಅಲ್ಲಿ ತಂಪಾನೂರಿನ ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ ಮನೆ ಹಿಡಿದರು, ರೈಲಿಗೆ ಹತ್ತಿರವೆಂದು. ಮೈ ಗಟ್ಟಿ ಇರುವ ತನಕ ಬೆಳಗಿನ ರೈಲಿಗೆ ಎರ್ನಾಕುಲಂಗೆ ಬಂದು, ಬೋಟು ಹತ್ತಿ, ಬೆಂಚಿನ ಮೇಲೆ ಕೂತು, ಸಂಜೆ ಹಿಂದಿರುಗುತ್ತಿದ್ದರು. ಕಾಕಾ ತೀರಿಕೊಂಡ ಮೇಲೂ ಹುಬ್ಬಳ್ಳಿಗೆ ಹೋಗಲಿಲ್ಲ. ಭಾಳ ದೂರ ಆಗ್ತೈತಿ ಎನ್ನುತ್ತಿದ್ದರು, ಎಲ್ಲಿಂದ ಎಂದು ಯಾರೂ ಕೇಳುತ್ತಿರಲಿಲ್ಲ.

ಈಗ ನಾನೂ ತಿರುವನಂತಪುರದಲ್ಲಿ ಒಂದು ಬ್ಯಾಂಕಿನ ನೌಕರಿಯಲ್ಲಿದ್ದೇನೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮ ಕೊನೆಯ ದಿನಗಳಲ್ಲಿ ಕೂಡ ನೀಲಿ ಹೂವಿನ ಬಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಲಯಾಳದಲ್ಲಿ. ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲು ಎಂದು ಅವಳಿಗೆ ಹೇಳಿದರೆ ಫೋನು ತೋರಿಸಿ ನಗುತ್ತಾಳೆ. ಕಾಕುವಿನ ಮೊಣಕಾಲು ಈಗ ಮೆಟ್ಟಿಲು ಇಳಿಯಲು ಬಿಡುವುದಿಲ್ಲ. ನಾನು ಕೊಚ್ಚಿಗೆ ಕಚೇರಿ ಕೆಲಸಕ್ಕೆ ಹೊರಟೆನೆಂದರೆ ಅವರದ್ದು ಒಂದೇ ಮಾತು. “ಒಂದೀಟು ಕುಂತು ಬಾ.”

ಮೊನ್ನೆ ಹೋದಾಗ ವೈಟ್ಟಿಲದಲ್ಲಿ ಬಸ್ಸಿಳಿದೆ. ನಮ್ಮ ಕ್ವಾರ್ಟರ್ಸಿದ್ದ ಓಣಿ ಯಾವುದೆಂದು ಮೇಲ್ಸೇತುವೆಯ ಕೆಳಗೆ ನಿಂತು ಹುಡುಕಬೇಕಾಯಿತು. ಆಮೇಲೆ ಬೋಟು. ಜೆಟ್ಟಿ ಹೊಸದಾಗಿದೆ, ಅಚ್ಚುಕಟ್ಟಾಗಿದೆ. ನೆಲಕ್ಕೆ ಹೆಂಚಿನ ಬಣ್ಣದ ಕಲ್ಲು, ಟಿಕೆಟ್ಟಿನ ಬಾಗಿಲ ಒಳಗೆ ಸಾಲಾಗಿ ಸ್ಟೀಲಿನ ಕುರ್ಚಿಗಳು. ಮೇರಿ ಚೇಚಿ ಹೋಗಿ ಎಷ್ಟೋ ವರ್ಷವಾಯಿತು, ಅವರ ಅಂಗಡಿಯ ಜಾಗದಲ್ಲಿ ಪ್ರವಾಸಿಗರಿಗೆ ಟೋಪಿ ಮಾರುತ್ತಾರೆ. ಬ್ಯಾನರು ಕಟ್ಟುತ್ತಾರೆಂದು ಕಂಬ ಒಂದನ್ನು ಉಳಿಸಿದ್ದಾರೆ. ಬೆಂಚು ಇರಲಿಲ್ಲ. ಹಳೆಯ ಬೆಂಚು ಎಲ್ಲಿ ಎಂದು ಕೇಳಿದೆ. ಟೋಪಿ ಮಾರುವವಳಿಗೆ ಅಂಥದ್ದೊಂದು ಇತ್ತೆಂಬುದೇ ಗೊತ್ತಿರಲಿಲ್ಲ. ಹೆಸರಿಲ್ಲದ ಬೆಂಚನ್ನು ಏನೆಂದು ಹೇಳಿ ಕೇಳುವುದು. ನಾನು ಕಂಬದ ಪಕ್ಕ ನಿಂತೆ. ಬೋಟಿನ ಜನ ನನ್ನನ್ನು ಬಳಸಿ ಹಾದುಹೋದರು.

ಹಳೆಯ ಸಂಘದವರದ್ದು ಈಗ ಒಂದು ವಾಟ್ಸಾಪ್ ಗುಂಪಿದೆ. ಕಂಬದ ಫೋಟೋ ತೆಗೆದು, ಬೆಂಚು ಇಲ್ಲ ಎಂದು ಬರೆದು ಹಾಕಿದೆ. ಕೈ ಮುಗಿಯುವ ಚಿತ್ರಗಳು ಬಂದವು, ಅಳುವ ಮುಖಗಳು ಬಂದವು. ಸಂಜೆಯ ಹೊತ್ತಿಗೆ ಯಾರದೋ ಮಗನ ಮದುವೆಯ ಕರೆಯೋಲೆ ಬಂದು ಅದೆಲ್ಲ ಮೇಲೆ ಸರಿದುಹೋಯಿತು. ಅವರನ್ನು ಬೈದು ಪ್ರಯೋಜನವಿಲ್ಲ. ಒಂದು ಹಲಗೆ ಹಾಕಲು ಬಕೆಟ್ಟಿನಲ್ಲಿ ಚಿತ್ರಾನ್ನ ಹೊತ್ತು ಬೋಟು ಹತ್ತಿ ಬರುವ ಜನ ಈಗ ಯಾವ ಊರಿನಲ್ಲಿ ಇದ್ದಾರೆ.

ಮಾರನೆಯ ಸಂಜೆ ತಂಪಾನೂರಿನ ಮನೆಗೆ ಹೋದೆ. ಕಾಕು ಮಂಚದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ, ಅವರ ಮುಖ ನೋಡಿದರೆ ಬಾಯಿಗೆ ಬರಲಿಲ್ಲ. ಬೆಂಚು ತೆಗೆದಿದ್ದಾರೆ ಕಾಕು ಎಂದೆ. ಕಂಬ ಇದೆ ಎಂದೆ. ಹೊಸ ಕುರ್ಚಿಗಳಿವೆ, ಒಳಗೆ, ಟಿಕೆಟ್ಟು ತೆಗೆದುಕೊಂಡವರಿಗೆ ಎಂದೆ.

ಅವರು ಶೇಂಗಾ ಸಿಪ್ಪೆಯನ್ನು ಅಂಗೈಯಲ್ಲಿ ಒಟ್ಟುಮಾಡಿಕೊಂಡರು. ಸ್ಟೇಷನ್ನಿನ ಕಡೆಯಿಂದ ಯಾವುದೋ ರೈಲು ಹೊರಟ ಸದ್ದು ಬಂತು. ಅದು ದೂರವಾಗುವ ತನಕ ಕೇಳಿ, “ಹಂಗಾರ ಆಕಿ ಮತ್ತ ನಿಂತಾಳ” ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ. ಕತ್ತಲಾಗುತ್ತ ಬಂತು, ಮಗಳು ಮನೆಯಲ್ಲಿ ಒಬ್ಬಳೇ ಇದ್ದಾಳೆ, ಹೊರಡುತ್ತೇನೆ ಎಂದು ಎದ್ದೆ. ಕಾಕು ನನ್ನ ಕೈ ಹಿಡಿದುಕೊಂಡರು. ಬೆರಳುಗಳು ಸೊರಗಿದ್ದವು, ಹಿಡಿತ ಮಾತ್ರ ಅದೇ. ನಾನು ನಿಂತೇ ಇದ್ದೆ. ಈ ಸಲ ಹಿಂದಿನಿಂದ ನನ್ನನ್ನು ಕರೆಯಲು ಅಮ್ಮ ಇರಲಿಲ್ಲ.